ಬೆಂಗಳೂರಿನ ಬಯಲಿನಿಂದ ಭೂಮಿಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್

ವ್ಯಕ್ತಿ ಪರಿಚಯ ಅಂಕಣಕ್ಕೆ ಈ ಸಲ ನಾನು ಆರಿಸಿಕೊಂಡವರು ಲೆಫ್ಟಿನೆಂಟ್ ಕರ್ನಲ್ ವಿಲಿಯಂ ಲ್ಯಾಂಬ್ಟನ್. ಹೆಸರು ಹೇಳಿದ ಕೂಡಲೇ ನನ್ನ ತರಗತಿಯ ಗೆಳೆಯನೊಬ್ಬ ನೇರವಾಗಿಯೇ ಕೇಳಿದ. ಟಿಪ್ಪು ಸುಲ್ತಾನರ ವಿರುದ್ಧ ಶ್ರೀರಂಗಪಟ್ಟಣದಲ್ಲಿ ಹೋರಾಡಿದ ಸೈನ್ಯದ ಅಧಿಕಾರಿಯ ಬಗ್ಗೆ ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಏಕೆ ಬರೆಯಬೇಕು ಎಂಬುದು ಅವನ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಒಂದೇ ಮಾತಿನ ಉತ್ತರ ನನ್ನ ಬಳಿ ಇರಲಿಲ್ಲ. ಆದ್ದರಿಂದ ಮೊದಲು ಅವರ ಬದುಕನ್ನು ಹೇಳುತ್ತೇನೆ, ಆಮೇಲೆ ಉತ್ತರ ಹುಡುಕೋಣ.

ಬಾಲ್ಯ ಮತ್ತು ಸೈನ್ಯ

ಲ್ಯಾಂಬ್ಟನ್ ಹುಟ್ಟಿದ್ದು 1750ರ ದಶಕದಲ್ಲಿ, ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನ ಕ್ರಾಸ್ಬಿ ಗ್ರೇಂಜ್ ಎಂಬಲ್ಲಿ. ಮನೆಯಲ್ಲಿ ಬಡತನ. ಆದರೆ ಹುಡುಗನಿಗೆ ಗಣಿತದಲ್ಲಿ ಒಳ್ಳೆಯ ತಲೆ ಇತ್ತು. ಹತ್ತಿರದ ನಾರ್ತ್‌ಅಲರ್ಟನ್ ಶಾಲೆಯಲ್ಲಿ ಓದಿ, 1781ರಲ್ಲಿ 33ನೇ ಪದಾತಿ ದಳಕ್ಕೆ ಸೇರಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೈನ್ಯ ಶರಣಾದಾಗ ಇವರೂ ಸೆರೆಯಾದರು. ಬಿಡುಗಡೆಯಾದ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಉಳಿದು, ಹೊಸದಾಗಿ ಬಂದು ನೆಲೆಸುವವರಿಗೆ ಜಮೀನು ಅಳೆದು ಕೊಡುವ ಕೆಲಸ ಮಾಡಿದರು. ಅಲ್ಲಿ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಎಡಗಣ್ಣಿನ ದೃಷ್ಟಿ ಕೆಡಿಸಿಕೊಂಡರು. ಮುಂದೆ ಜೀವನವಿಡೀ ದೂರದರ್ಶಕದಲ್ಲಿ ನೋಡುವುದೇ ಕಸುಬಾದ ಮನುಷ್ಯನಿಗೆ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಒಂದೇ ಕಣ್ಣು.

ಭಾರತಕ್ಕೆ ಬರುವ ಹೊತ್ತಿಗೆ ಅವರ ವಯಸ್ಸು ನಲವತ್ತು ದಾಟಿತ್ತು. ಆ ವಯಸ್ಸಿಗೂ ಅವರು ಕೆಳಹಂತದ ಅಧಿಕಾರಿಯೇ. ಅವರ ದಳದ ಮುಖ್ಯಸ್ಥರಾಗಿದ್ದವರು ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂ ಯುದ್ಧ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್. 1799ರ ನಾಲ್ಕನೇ ಮೈಸೂರು ಯುದ್ಧದಲ್ಲಿ ಲ್ಯಾಂಬ್ಟನ್ ಜನರಲ್ ಬೇರ್ಡ್ ಅವರ ಜೊತೆಗಿದ್ದರು. ಒಂದು ರಾತ್ರಿ ಬೇರ್ಡ್ ಅವರ ತುಕಡಿ ಕತ್ತಲಲ್ಲಿ ದಾರಿ ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿತ್ತು. ನಕ್ಷತ್ರಗಳನ್ನು ನೋಡಿ, ನಾವು ಉತ್ತರಕ್ಕೆ ಹೋಗುತ್ತಿದ್ದೇವೆ ಎಂದು ಎಚ್ಚರಿಸಿದವರು ಲ್ಯಾಂಬ್ಟನ್. ಜನರಲ್‌ಗೆ ಮೊದಲು ನಂಬಿಕೆ ಬರಲಿಲ್ಲವಂತೆ. ದಿಕ್ಸೂಚಿ ನೋಡಿದಾಗ ಮಾತು ನಿಜವಾಗಿತ್ತು. 1799ರ ಮೇ 4ರಂದು ಕೋಟೆ ಬಿತ್ತು, ಸುಲ್ತಾನರು ಹುತಾತ್ಮರಾದರು.

ಒಂದು ವಿಚಿತ್ರ ಅರ್ಜಿ

ಯುದ್ಧ ಮುಗಿದ ಮೇಲೆ ಮೈಸೂರಿನ ನೆಲವೆಲ್ಲ ಯಾರ ಯಾರ ಪಾಲಿಗೆ ಎಷ್ಟು ಎಂಬ ಲೆಕ್ಕ ಶುರುವಾಯಿತು. ಕಾಲಿನ್ ಮೆಕೆಂಜಿ ಮೈಸೂರು ರಾಜ್ಯದ ಊರು, ಕೆರೆ, ಗಡಿಗಳನ್ನು ಗುರುತಿಸುವ ಸರ್ವೆಗೆ ಹೊರಟರು. ಫ್ರಾನ್ಸಿಸ್ ಬುಕಾನನ್ ಬೆಳೆ, ಕಸುಬು, ಜನರ ವಿವರ ಬರೆದುಕೊಳ್ಳಲು ಹೊರಟರು. ಲ್ಯಾಂಬ್ಟನ್ ಕೇಳಿದ್ದು ಬೇರೆ. ಪೂರ್ವದ ಕೋರಮಂಡಲ ತೀರದಿಂದ ಪಶ್ಚಿಮದ ಮಲಬಾರ್ ತೀರದವರೆಗೆ ತ್ರಿಭುಜಗಳ ಸರಪಳಿಯೊಂದನ್ನು ಹೆಣೆದು ಪರ್ಯಾಯ ದ್ವೀಪದ ಅಗಲವನ್ನು ಕರಾರುವಾಕ್ಕಾಗಿ ಅಳೆಯಬೇಕು, ಅದೇ ಅಳತೆಯಿಂದ ಭೂಮಿಯ ಆಕಾರವನ್ನೂ ಕಂಡುಹಿಡಿಯಬೇಕು ಎಂಬುದು ಅವರ ಯೋಜನೆ.

ಹಣ ಕೊಡಬೇಕಾದವರಿಗೆ ಇದು ಅರ್ಥವಾಗಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅದಕ್ಕೆ ಇಷ್ಟೆಲ್ಲ ಖರ್ಚೇಕೆ ಎಂದು ಮದ್ರಾಸಿನ ಹಣಕಾಸು ಸಮಿತಿಯ ಸದಸ್ಯರೊಬ್ಬರು ಆಕ್ಷೇಪಿಸಿದ ಕಥೆ ಪ್ರಸಿದ್ಧವಾಗಿದೆ. ಆದರೆ ವೆಲ್ಲೆಸ್ಲಿ ಸಹೋದರರು ಬೆಂಬಲಕ್ಕೆ ನಿಂತರು, ಮದ್ರಾಸಿನ ಗವರ್ನರ್ ಒಪ್ಪಿಗೆ ಕೊಟ್ಟರು. ಕೆಲಸದ ಮೊದಲ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ಅಡಿ ಅಡಿಯಾಗಿ ಏಳೂವರೆ ಮೈಲಿ

1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಹೊರಬಯಲಿನಲ್ಲಿ ಲ್ಯಾಂಬ್ಟನ್ ಒಂದು ಆಧಾರ ರೇಖೆಯನ್ನು ಅಳೆದರು. ಆಗ ಇಲ್ಲಿ ದಂಡು ಪ್ರದೇಶವೇ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಹಲಸೂರಿನ ಸುತ್ತ ಕಂಟೋನ್ಮೆಂಟ್ ತಲೆ ಎತ್ತಿದ್ದು 1809ರಲ್ಲಿ. ಇಂದು ನಾವು ಬಸ್ಸಿಗಾಗಿ ನೂಕಾಡುವ ಶಿವಾಜಿನಗರ, ಸಿಗ್ನಲ್‌ಗಳಲ್ಲಿ ನಿಂತು ಬೇಸರ ಪಡುವ ಇಂದಿರಾನಗರ, ಕೆ.ಆರ್. ಪುರದ ಕಡೆಯೆಲ್ಲ ಆಗ ಹಳ್ಳಿ, ಹೊಲ, ಕೆರೆ, ಕುರುಚಲು.

ಆಧಾರ ರೇಖೆ ಎಂದರೇನು? ಒಂದು ತ್ರಿಭುಜದ ಒಂದು ಬಾಹುವಿನ ಉದ್ದ ಮತ್ತು ಕೋನಗಳು ಗೊತ್ತಿದ್ದರೆ ಉಳಿದ ಎರಡು ಬಾಹುಗಳನ್ನು ಸೈನ್ ನಿಯಮದಿಂದ ಲೆಕ್ಕ ಹಾಕಬಹುದು. ಹಾಗೆ ಸಿಕ್ಕ ಬಾಹುವಿನ ಮೇಲೆ ಇನ್ನೊಂದು ತ್ರಿಭುಜ, ಅದರ ಮೇಲೆ ಮತ್ತೊಂದು. ನೆಲದ ಮೇಲೆ ಸರಪಳಿ ಹಿಡಿದು ಅಳೆಯಬೇಕಾದದ್ದು ಮೊದಲ ಗೆರೆಯನ್ನು ಮಾತ್ರ. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡುತ್ತಾ ಹೋದರೆ ಸಾಕು. ಆದರೆ ಮೊದಲ ಗೆರೆಯಲ್ಲಿ ತಪ್ಪಾದರೆ ಆ ತಪ್ಪು ಕೊನೆಯ ಬೆಟ್ಟದವರೆಗೂ ಬೆಳೆಯುತ್ತಾ ಬರುತ್ತದೆ.

ಅದಕ್ಕೇ ಅಷ್ಟು ಜಾಗ್ರತೆ. ಅವರ ಬಳಿ ಇದ್ದದ್ದು ನೂರು ಅಡಿಯ ಉಕ್ಕಿನ ಸರಪಳಿ. ಅದಕ್ಕೂ ಒಂದು ಕಥೆ ಇದೆ. ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ಚೀನಾದ ಚಕ್ರವರ್ತಿಗೆಂದು ಒಯ್ದ ಉಡುಗೊರೆಗಳಲ್ಲಿ ಅದೂ ಒಂದಾಗಿತ್ತು. ಚಕ್ರವರ್ತಿಗೆ ಅದು ಬೇಡವಾಯಿತು. ತಂಡದಲ್ಲಿದ್ದ ವಿಜ್ಞಾನಿ ಡಿನ್‌ವಿಡ್ಡಿ ಅದನ್ನು ಕಲ್ಕತ್ತಾಕ್ಕೆ ತಂದರು, ಅಲ್ಲಿಂದ ಲ್ಯಾಂಬ್ಟನ್ ಕೈಗೆ ಬಂತು. ಈ ಸರಪಳಿಯನ್ನು ನೆಲದ ಮೇಲೆ ಎಳೆಯುತ್ತಿರಲಿಲ್ಲ. ಮುಕ್ಕಾಲಿಗಳ ಮೇಲೆ ಮರದ ತೊಟ್ಟಿಗಳನ್ನು ಮಟ್ಟಸವಾಗಿ ಇಟ್ಟು ಅದರೊಳಗೆ ಮಲಗಿಸುತ್ತಿದ್ದರು. ಬಿಸಿಲು ತಾಗದಂತೆ ನೆರಳು ಮಾಡಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಪ್ರತಿ ಸಲವೂ ತಾಪ ಬರೆದುಕೊಳ್ಳುತ್ತಿದ್ದರು. ಕಾಯ್ದರೆ ಉಕ್ಕು ಹಿಗ್ಗುತ್ತದೆ ಎಂದು ನಾವು ಭೌತಶಾಸ್ತ್ರದಲ್ಲಿ ಓದಿದ್ದೇವಲ್ಲ, ಆ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆಂಗಳೂರಿನ ಆ ರೇಖೆಯ ಉದ್ದ 7.4321 ಮೈಲಿ, ಅಂದರೆ ಸುಮಾರು 12 ಕಿಲೋಮೀಟರ್. ಸರಪಳಿಯನ್ನು ಹತ್ತಿರ ಹತ್ತಿರ 400 ಸಲ ಎತ್ತಿ ಇಡಬೇಕು. ನಾನು ಲೆಕ್ಕ ಹಾಕಿ ನೋಡಿದೆ. ತಾಪವನ್ನು ಒಂದೇ ಒಂದು ಡಿಗ್ರಿ ಫ್ಯಾರನ್‌ಹೀಟ್ ತಪ್ಪಾಗಿ ಹಿಡಿದರೆ ಇಡೀ ರೇಖೆಯಲ್ಲಿ ಸುಮಾರು ಮೂರು ಇಂಚು ವ್ಯತ್ಯಾಸ ಬರುತ್ತದೆ.

ಕೋನ ಅಳೆಯಲು ಲಂಡನ್ನಿನಿಂದ ಅರ್ಧ ಟನ್ ತೂಕದ ಥಿಯೋಡೋಲೈಟ್ ತರಿಸಿದರು. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ ಅಲ್ಲಿನ ಫ್ರೆಂಚ್ ಗವರ್ನರ್ ಅದನ್ನು ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟರು. ಎರಡು ದೇಶಗಳ ನಡುವೆ ವೈರವಿದ್ದ ಕಾಲದಲ್ಲಿ ನಡೆದ ಮಾತಿದು.

1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಹೊಸ ಆಧಾರ ರೇಖೆಯಿಂದ ಮುಖ್ಯ ಕೆಲಸ ಶುರುವಾಯಿತು. ಅಲ್ಲಿಂದ ತ್ರಿಭುಜಗಳು ಪಶ್ಚಿಮಕ್ಕೆ ಏರುತ್ತಾ ಬೆಂಗಳೂರಿಗೆ ಬಂದವು. 1804ರಲ್ಲಿ ಲ್ಯಾಂಬ್ಟನ್ ಅವರ ಸಹಾಯಕ ಲೆಫ್ಟಿನೆಂಟ್ ಜಾನ್ ವಾರೆನ್ ಇಲ್ಲಿ ಮತ್ತೊಂದು ರೇಖೆಯನ್ನು ಸರಪಳಿಯಿಂದಲೇ ಅಳೆದರು. ಕೋಲಾರದ ಚಿನ್ನದ ಬಗ್ಗೆ ಮೊದಲು ವರದಿ ಬರೆದ ವಾರೆನ್ ಇವರೇ. ಮದ್ರಾಸಿನಿಂದ ಬರೀ ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ಅಂತರ ನಾಲ್ಕು ಇಂಚಿಗೂ ಕಡಿಮೆ! ಈ ಸಾಲನ್ನು ನನ್ನ ಮಾಮುವಿಗೆ ಓದಿ ಹೇಳಿದೆ. ಅವರು ಕೆ.ಆರ್. ಪುರದ ಕಡೆ ರಸ್ತೆ ಕೆಲಸಗಳಲ್ಲಿ ಟೋಟಲ್ ಸ್ಟೇಷನ್ ಯಂತ್ರ ನಡೆಸುತ್ತಾರೆ. ಇನ್ನೊಂದು ಸಲ ಓದು ಎಂದರು. ಆಮೇಲೆ ಆ ಸರಪಳಿ ಹಿಡಿದವರು ಯಾರು ಎಂದು ಕೇಳಿದರು.

ಅವರು ಯಾರೆಂದು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಸರಪಳಿ ಹಿಡಿದವರು, ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ದಿನಗಟ್ಟಲೆ ಕಾದವರು, ಅರ್ಧ ಟನ್ ಯಂತ್ರವನ್ನು ಸಾವನದುರ್ಗದಂಥ ಬಂಡೆಗಳ ಮೇಲೆ ಹೊತ್ತವರು, ಕಾಡಿನಲ್ಲಿ ಜ್ವರದಿಂದ ಸತ್ತವರು ಈ ನಾಡಿನ ಜನ. ಅಳತೆಯ ದಾಖಲೆಯಲ್ಲಿ ಇಂಚಿನ ಭಾಗವೂ ಇದೆ, ಇವರ ಹೆಸರುಗಳಿಲ್ಲ.

ಮಹಾ ಕಮಾನು

ಕೊಡಗಿನ ತಡಿಯಂಡಮೋಳ್ ಮೊದಲಾದ ಬೆಟ್ಟಗಳನ್ನು ದಾಟಿ ತ್ರಿಭುಜಗಳ ಸರಪಳಿ ಪಶ್ಚಿಮ ಕರಾವಳಿ ಮುಟ್ಟಿದಾಗ ಒಂದು ಸಂಗತಿ ತಿಳಿಯಿತು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ನಿಜವಾದ ದೂರ 360 ಮೈಲಿ. ನಕ್ಷೆಯಿಂದ 40 ಮೈಲಿ ಭೂಮಿ ಮಾಯವಾಯಿತು.

ಇನ್ನೊಂದು ಸರಪಳಿ ದಕ್ಷಿಣದಿಂದ ಉತ್ತರಕ್ಕೆ, 78ನೇ ರೇಖಾಂಶದ ಆಸುಪಾಸಿನಲ್ಲಿ ಹೊರಟಿತು. ಇದನ್ನೇ ಮಹಾ ಕಮಾನು ಎನ್ನುತ್ತಾರೆ. ಒಂದು ಡಿಗ್ರಿ ಅಕ್ಷಾಂಶಕ್ಕೆ ನೆಲದ ಮೇಲೆ ಎಷ್ಟು ದೂರ ಎಂದು ಬೇರೆ ಬೇರೆ ಕಡೆ ಅಳೆದರೆ ಭೂಮಿ ಎಷ್ಟು ಚಪ್ಪಟೆ ಎಂದು ತಿಳಿಯುತ್ತದೆ. ಈ ವಿದ್ಯೆ ಯುರೋಪಿನಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಒಂಬತ್ತನೇ ಶತಮಾನದಲ್ಲಿ ಖಲೀಫ ಅಲ್ ಮಾಮೂನ್ ಅವರ ಆಜ್ಞೆಯಂತೆ ಖಗೋಳಜ್ಞರು ಸಿಂಜಾರ್ ಬಯಲಿನಲ್ಲಿ ಒಂದು ಡಿಗ್ರಿಯ ಉದ್ದ ಅಳೆದಿದ್ದರು. ಹನ್ನೊಂದನೇ ಶತಮಾನದಲ್ಲಿ ಅಲ್ ಬಿರೂನಿ ಪಂಜಾಬಿನ ನಂದನ ಕೋಟೆಯ ಬೆಟ್ಟದ ಮೇಲೆ ನಿಂತು, ದಿಗಂತ ಎಷ್ಟು ಕೆಳಗೆ ಬಾಗಿದೆ ಎಂಬ ಒಂದೇ ಕೋನದಿಂದ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದ್ದರು. ಲ್ಯಾಂಬ್ಟನ್ ಆ ಹಳೆಯ ಪ್ರಶ್ನೆಯನ್ನೇ ಹೊಸ ಯಂತ್ರದಿಂದ ಕೇಳಿದರು.

ನಮ್ಮ ಪುಸ್ತಕದಲ್ಲಿ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಲ್ಯಾಂಬ್ಟನ್ ಅವರ ತ್ರಿಭುಜಗಳಲ್ಲಿ ಮೊತ್ತ ಚೂರು ಹೆಚ್ಚಿರಬೇಕು, ಏಕೆಂದರೆ ಅವು ಕಾಗದದ ಮೇಲಲ್ಲ, ಗುಂಡಗಿನ ಭೂಮಿಯ ಮೇಲೆ ಇದ್ದವು. ಸುಮಾರು 200 ಚದರ ಕಿಲೋಮೀಟರ್ ವಿಸ್ತಾರಕ್ಕೆ ಒಂದು ಸೆಕೆಂಡು ಕೋನದಷ್ಟು ಹೆಚ್ಚಳ. ಅದನ್ನೂ ಅವರು ಲೆಕ್ಕದಲ್ಲಿ ಹಿಡಿಯುತ್ತಿದ್ದರು.

1808ರಲ್ಲಿ ತಂಜಾವೂರಿನಲ್ಲಿ ದೊಡ್ಡ ಅನಾಹುತವಾಯಿತು. ಬಯಲು ಸೀಮೆಯಲ್ಲಿ ಬೆಟ್ಟವಿಲ್ಲದ ಕಾರಣ ಥಿಯೋಡೋಲೈಟನ್ನು ದೊಡ್ಡ ದೇವಾಲಯದ ಗೋಪುರಕ್ಕೆ ಹಗ್ಗ ಕಟ್ಟಿ ಏರಿಸುತ್ತಿದ್ದಾಗ ಹಗ್ಗ ತುಂಡಾಗಿ ಯಂತ್ರ ಗೋಡೆಗೆ ಅಪ್ಪಳಿಸಿ ಅದರ ಚಕ್ರ ಬಾಗಿತು. ಲ್ಯಾಂಬ್ಟನ್ ಯಾರನ್ನೂ ಬೈಯುತ್ತಾ ಕೂರಲಿಲ್ಲ. ಸುಮಾರು ಆರು ವಾರ ಅದರ ಮುಂದೆ ಕುಳಿತು, ಬಾಗಿದ ಚಕ್ರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದಕ್ಕೆ ಎಳೆದು ಸರಿಮಾಡಿದರು. ಅದೇ ಯಂತ್ರದಿಂದ ಕೆಲಸ ಮುಂದುವರಿಯಿತು. 1811ರಲ್ಲಿ ಗುತ್ತಿಯ ಬಳಿ, 1815ರಲ್ಲಿ ನಮ್ಮ ಬೀದರಿನ ಬಳಿ ಹೊಸ ಆಧಾರ ರೇಖೆಗಳು ಬಂದವು. ಕನ್ಯಾಕುಮಾರಿಯ ಹತ್ತಿರದಿಂದ ಅಲ್ಲಿಯವರೆಗೆ ಸುಮಾರು 10 ಡಿಗ್ರಿ ಅಕ್ಷಾಂಶ ಅಳೆದಾಗಿತ್ತು.

ಇಲಾಖೆ ಮತ್ತು ಶಾಲೆ ಜೊತೆಯಾದಾಗ

ಲ್ಯಾಂಬ್ಟನ್ ಅವರ ತಂಡದಲ್ಲಿ ಜೋಶುವಾ ಡಿ ಪೆನ್ನಿಂಗ್, ರೊಸೆನ್‌ರೋಡ್ ಮೊದಲಾದ ಹುಡುಗರಿದ್ದರು. ಇವರು ಮದ್ರಾಸಿನ ಸರ್ವೆ ಶಾಲೆಯಿಂದ ಬಂದವರು. 1794ರಲ್ಲಿ ಸರ್ಕಾರಕ್ಕೆ ಸರ್ವೆಯರ್‌ಗಳು ಬೇಕಾಗಿ ಆ ಶಾಲೆಯನ್ನು ತೆರೆದಾಗ ಅದಕ್ಕೆ ಸೇರಿದವರಲ್ಲಿ ಅನಾಥಾಲಯದ ಮಕ್ಕಳೇ ಹೆಚ್ಚು. ನಮ್ಮ ವಯಸ್ಸಿನವರು, ಕೆಲವರು ನಮಗಿಂತ ಚಿಕ್ಕವರು. ಡೇರೆಯಲ್ಲಿ ಲೆಕ್ಕ ಕಲಿತು, ಬೆಟ್ಟದ ಮೇಲೆ ಕೋನ ನೋಡಿ, ಆ ಕಾಲದ ಅತ್ಯಂತ ನಿಖರವಾದ ಸರ್ವೆಯನ್ನು ನಡೆಸಿದರು. ಆ ಶಾಲೆಯೇ ಮುಂದೆ ಗಿಂಡಿ ಎಂಜಿನಿಯರಿಂಗ್ ಕಾಲೇಜಾಗಿ ಈಗ ಅಣ್ಣಾ ವಿಶ್ವವಿದ್ಯಾಲಯದ ಭಾಗವಾಗಿದೆ.

1818ರಲ್ಲಿ ಈ ಕೆಲಸಕ್ಕೆ ಮಹಾ ತ್ರಿಕೋನಮಿತಿ ಸರ್ವೆ ಎಂಬ ಹೆಸರು ಬಂತು. ಅದೇ ವರ್ಷ ಜಾರ್ಜ್ ಎವರೆಸ್ಟ್ ಸಹಾಯಕರಾಗಿ ಸೇರಿದರು. ಲ್ಯಾಂಬ್ಟನ್ 1823ರ ಜನವರಿ 20ರಂದು, ಹೈದರಾಬಾದಿನಿಂದ ನಾಗಪುರದ ಕಡೆ ಪ್ರಯಾಣ ಮಾಡುತ್ತಿದ್ದಾಗ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ಡೇರೆಯಲ್ಲೇ ತೀರಿಕೊಂಡರು. ವಯಸ್ಸು ಎಪ್ಪತ್ತರ ಹತ್ತಿರ. ಸಮಾಧಿ ಅಲ್ಲೇ ಇದೆ.

ಎವರೆಸ್ಟ್ ಕಾಲದಲ್ಲಿ ಸರಪಳಿ ಹಿಮಾಲಯದ ಬುಡ ಮುಟ್ಟಿತು. 1831ರಲ್ಲಿ ಅವರಿಗೆ ಗಣಿತ ಬಲ್ಲ ಯುವಕ ಬೇಕಾದಾಗ ಕಲ್ಕತ್ತಾದ ಹಿಂದೂ ಕಾಲೇಜಿನ ಗಣಿತದ ಪ್ರಾಧ್ಯಾಪಕರನ್ನು ಕೇಳಿದರು. ಅವರು ಕಳಿಸಿದ ವಿದ್ಯಾರ್ಥಿ ರಾಧಾನಾಥ ಸಿಕ್ದಾರ್. ಹದಿನೈದನೇ ಶಿಖರ ಎಂದು ಗುರುತು ಹಾಕಿದ್ದ ಪರ್ವತವೇ ಜಗತ್ತಿನ ಅತಿ ಎತ್ತರದ್ದು ಎಂಬ ಲೆಕ್ಕದ ಹಿಂದೆ ಅವರಿದ್ದರು. ಯಂತ್ರಗಳ ಕಡೆ ಆರ್ಕಾಟಿನಿಂದ ಬಂದ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಇದ್ದರು. ಮದ್ರಾಸಿನ ಆಭರಣದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಈ ಕುಶಲಿ ಥಿಯೋಡೋಲೈಟ್‌ನ ಚಕ್ರದ ಮೇಲೆ ಸೂಕ್ಷ್ಮ ಗೆರೆಗಳನ್ನು ಕೊರೆಯುವಷ್ಟು ಪಳಗಿದರು. ಲಂಡನ್ನಿನಿಂದ ಬಂದಿದ್ದ ತಯಾರಕರು ಹೋದ ಮೇಲೆ ಆ ಹುದ್ದೆಯನ್ನೇ ಇವರು ವಹಿಸಿಕೊಂಡರು. ಪರ್ವತಕ್ಕೆ ಮಾತ್ರ ಎವರೆಸ್ಟ್ ಎಂದು ಹೆಸರಾಯಿತು. ಲ್ಯಾಂಬ್ಟನ್ ಹೆಸರೂ ಬರಲಿಲ್ಲ, ಸಿಕ್ದಾರ್ ಹೆಸರೂ ಬರಲಿಲ್ಲ, ಮೊಹ್ಸಿನ್ ಹುಸೇನ್ ಹೆಸರಂತೂ ಬರಲೇ ಇಲ್ಲ.

ಗೆಳೆಯನ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇದು. ಲ್ಯಾಂಬ್ಟನ್ ಅವರ ಅಳತೆ ಕಂಪನಿ ಸರ್ಕಾರಕ್ಕೆ ಕಂದಾಯ ವಸೂಲಿಗೂ ಸೈನ್ಯದ ದಾರಿಗೂ ನೆರವಾಯಿತು. ಅದನ್ನು ಮುಚ್ಚಿಡಬೇಕಾಗಿಲ್ಲ. ನಮ್ಮ ನೆಲವನ್ನು ಗೆದ್ದವರೇ ಅದನ್ನು ಅಳೆದರು, ಆಗ ಅಳೆಯುವ ವಿದ್ಯೆ ಅವರ ಕೈಯಲ್ಲಿತ್ತು. ಹಾಗೆಂದು ಆ ಕೋನಗಳು ಸುಳ್ಳಾಗುವುದಿಲ್ಲ. ಅಲ್ ಬಿರೂನಿ ಹಿಂದೂಸ್ತಾನಕ್ಕೆ ಬಂದ ಕಾಲವೂ ಗಜ್ನಿಯ ಮಹಮೂದನ ದಂಡಯಾತ್ರೆಗಳ ಕಾಲವೇ. ಆದರೂ ಅವರ ಲೆಕ್ಕವನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಗೆಳೆಯ ಪೂರ್ತಿ ಒಪ್ಪಿಲ್ಲ. ವಿದ್ಯೆ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ ಎನ್ನುತ್ತಾನೆ. ಆ ಮಾತು ನನಗೂ ಸರಿ ಎನಿಸಿ, ಈಗ ಅದು ಯಾರ ಕೈಯಲ್ಲಿದೆ ಎಂದು ನೋಡಿದೆ.

ಈಗ ಆ ವಿದ್ಯೆ ನಮ್ಮ ಅಕ್ಕಪಕ್ಕದಲ್ಲೇ ಇದೆ

ಹಲಸೂರು ದಾಟಿ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೋದರೆ ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ ಸಿಗುತ್ತದೆ. 1988ರ ಮಾರ್ಚ್ 17ರಂದು ಹಾರಿದ ನಮ್ಮ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ತಯಾರಾದದ್ದು ಬೆಂಗಳೂರಿನ ಈ ಕೇಂದ್ರದಲ್ಲಿ. ಲ್ಯಾಂಬ್ಟನ್ ಇಪ್ಪತ್ತು ವರ್ಷ ನಡೆದು ನೋಡಿದ ನೆಲವನ್ನು ಅದು ಕೆಲವೇ ನಿಮಿಷಗಳಲ್ಲಿ ದಾಟುತ್ತಿತ್ತು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಉಪಗ್ರಹ ಚಿತ್ರಗಳಿಂದ ನಮ್ಮ ಇಲಾಖೆಗಳಿಗೆ ನಕ್ಷೆ ಮಾಡಿಕೊಡುತ್ತದೆ. ಹಳ್ಳಿಯ ಸರ್ವೆ ನಂಬರ್ ಹುಡುಕಲು ನಮ್ಮ ಮನೆಗಳಲ್ಲಿ ಬಳಸುವ ದಿಶಾಂಕ್ ಆ್ಯಪ್ ಇದರ ಫಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೇ ಕೇಂದ್ರದ ಜೊತೆ ಸೇರಿ ಮೈಸೂರಿನಲ್ಲಿ ಜಿಯೋ ಇನ್ಫರ್ಮ್ಯಾಟಿಕ್ಸ್‌ನಲ್ಲಿ ಎಂ.ಟೆಕ್ ನಡೆಸಿದೆ. ಡೆಹ್ರಾಡೂನ್‌ನಲ್ಲಿರುವ ಭಾರತೀಯ ದೂರಸಂವೇದಿ ಸಂಸ್ಥೆ ದೇಶದ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಆನ್‌ಲೈನ್ ಪಾಠ ಮಾಡುತ್ತದೆ. 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ ಸರ್ಕಾರ, ವಿಶ್ವವಿದ್ಯಾಲಯ, ಉದ್ಯಮ ಮೂರೂ ಕೂಡಿ ಕೆಲಸ ಮಾಡಬೇಕು ಎಂಬ ದಾರಿಯಲ್ಲಿದೆ. 1794ರ ಸರ್ವೆ ಶಾಲೆ ಮಾಡಿದ್ದೂ ಇದನ್ನೇ. ಒಂದು ವ್ಯತ್ಯಾಸವೆಂದರೆ ಈಗ ಸೇರಲು ನಮಗೆ ಹಕ್ಕಿದೆ.

ಪಹಣಿ, ಪೋಡಿ, ಹದ್ದುಬಸ್ತು ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಜಗಳದ ಜೊತೆಗೇ ಬರುತ್ತವೆ. ಎರಡು ಅಡಿ ನೆಲಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಸರಿಯಾಗಿ ಅಳೆಯಬಲ್ಲ, ಲಂಚಕ್ಕೆ ಬಾಗದ ಒಬ್ಬ ಮೋಜಣಿದಾರ ಊರಿಗೆ ಎಷ್ಟು ದೊಡ್ಡ ಉಪಕಾರ ಎಂದು ಯೋಚಿಸಿ. ಪಿಯುಸಿ ನಂತರ ವೈದ್ಯಕೀಯ, ಎಂಜಿನಿಯರಿಂಗ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಎಂದುಕೊಂಡವರು ಭೂಗೋಳ, ಗಣಿತ, ಕಂಪ್ಯೂಟರ್ ಮೂರೂ ಸೇರುವ ಈ ದಾರಿಯನ್ನೂ ಒಮ್ಮೆ ನೋಡಬಹುದು.

ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ, ಬಂಡೆಯ ಮೇಲೆ ಒಂದು ಸಣ್ಣ ಕಟ್ಟಡವಿತ್ತು. 1868ರಲ್ಲಿ ಬೆಂಗಳೂರಿನ ಆಧಾರ ರೇಖೆಯನ್ನು ಮತ್ತೆ ಅಳೆದಾಗ ಅದರ ಒಂದು ತುದಿ ಅಲ್ಲಿ, ಇನ್ನೊಂದು ತುದಿ ಮೇಖ್ರಿ ವೃತ್ತದ ಬಳಿ. ನನ್ನ ಖಾಲಾ ಮನೆ ಅದೇ ರಸ್ತೆಯಲ್ಲಿರುವುದರಿಂದ ಶಿವಾಜಿನಗರದಿಂದ ಬಾಗಲೂರಿಗೆ ಹೋಗುವ ಬಸ್ಸಿನಲ್ಲಿ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ. ಅದೇನೆಂದು ಕೇಳಿದರೆ ಹಳೇ ಕಟ್ಟಡ ಎಂದಷ್ಟೇ ಅಲ್ಲಿನವರು ಹೇಳುತ್ತಿದ್ದರು. 2024ರ ಮಳೆಗಾಲದಲ್ಲಿ ಅದು ಕುಸಿದು ಬಿತ್ತು. ಅದರ ಮುಂದೆ ಅದರ ಕಥೆ ಹೇಳುವ ಒಂದು ಫಲಕವಿದ್ದು, ಪಕ್ಕದ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ರೂಢಿ ಇದ್ದಿದ್ದರೆ ಬಿರುಕು ಬಿಟ್ಟಾಗಲೇ ಯಾರಾದರೂ ಗಮನಿಸುತ್ತಿದ್ದರು.

ಕೊನೆಯದಾಗಿ ಒಂದು ಸಲಹೆ. ಲ್ಯಾಂಬ್ಟನ್ ಮಾಡಿದ್ದನ್ನು ನಮ್ಮ ಮೈದಾನದಲ್ಲೇ ಮಾಡಬಹುದು. ಟೇಪು ಹಿಡಿದು 30 ಮೀಟರ್ ಗೆರೆ ಅಳೆಯಿರಿ. ಎರಡೂ ತುದಿಯಿಂದ ಗೇಟಿನ ಕಂಬಕ್ಕೆ ಕೋನ ನೋಡಿ, ಸೈನ್ ನಿಯಮದಿಂದ ದೂರ ಲೆಕ್ಕ ಹಾಕಿ, ಆಮೇಲೆ ಟೇಪಿನಿಂದ ಅಳೆದು ಹೋಲಿಸಿ. ದೊಡ್ಡ ಕೋನಮಾಪಕ ಗಣಿತ ವಿಭಾಗದಲ್ಲಿದೆ, ಕೇಳಿದರೆ ಕೊಡುತ್ತಾರೆ. ಟೇಪನ್ನು ಮಾಮುವಿನಿಂದ ನಾನು ತರುತ್ತೇನೆ. ಅಳತೆ ಬರೆಯುವಾಗ ಟೇಪು ಹಿಡಿದವರ ಹೆಸರನ್ನೂ ಬರೆಯೋಣ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ